ಲಟ್ಟಣಿಗೆ ಹಿಡಿದು ಬೀದಿಗಿಳಿದ ಮುಂಬಯಿ

ಪೆಟ್ರೋಲ್ ಬೆಲೆ ಏರಿದಾಗಲೆಲ್ಲ ನಮ್ಮಲ್ಲಿ ಮೊದಲು ಕೇಳಿಬರುವ ಮಾತು "ಬಂದ್"! 2010ರ ಜೂನ್‌ನಲ್ಲಿ ಪೆಟ್ರೋಲ್ ದರದ ಮೇಲಿನ ಸರಕಾರಿ ನಿಯಂತ್ರಣ ಹೋಯಿತು, ಜುಲೈ 5ಕ್ಕೆ ಭಾರತ್ ಬಂದ್. 2012ರ ಮೇ ತಿಂಗಳಲ್ಲಿ ಲೀಟರಿಗೆ ಒಮ್ಮೆಗೇ ಸುಮಾರು 7.50 ರೂಪಾಯಿ ಏರಿತು, ಮೇ 31ಕ್ಕೆ ಮತ್ತೆ ಬಂದ್. ಇದರಿಂದ ಬಿಸಿ ತಟ್ಟಿದ್ದು ಯಾರಿಗೆ? ದಿನಗೂಲಿಯವನಿಗೆ, ಟ್ಯಾಕ್ಸಿಯವನಿಗೆ, ತರಕಾರಿ ಮಾರುವವಳಿಗೆ. ಬೆಲೆ ಏರಿಕೆಯ ಪೆಟ್ಟು ತಿಂದವರೇ ಒಂದು ದಿನದ ಗಳಿಕೆಯನ್ನೂ ಕಳೆದುಕೊಳ್ಳಬೇಕು. ಇದೆಂಥ ನ್ಯಾಯ ಸ್ವಾಮಿ?

ಬೇರೆ ದಾರಿಯೇ ಇಲ್ಲವೇ ಎಂದು ಕೇಳುವವರಿಗೆ ಇದೇ ಮುಂಬಯಿಯ ಒಂದು ಹಳೆಯ ಕತೆ ಹೇಳಬೇಕು.

1972. ಮಹಾರಾಷ್ಟ್ರದಲ್ಲಿ ಭೀಕರ ಬರ. ಜೋಳ, ಸಕ್ಕರೆ, ಅಡುಗೆ ಎಣ್ಣೆ ಎಲ್ಲವೂ ತುಟ್ಟಿ. ಇಂಧನದ ಪಾಡಂತೂ ಕೇಳುವುದೇ ಬೇಡ. ನಮ್ಮೂರ ಕಡೆ ಚಿಮಿಣಿ ಎಣ್ಣೆ ಅನ್ನುತ್ತೇವಲ್ಲ, ಇಲ್ಲಿಯವರು ಅದನ್ನು ರಾಕೇಲ್ ಅನ್ನುತ್ತಾರೆ. ಚಾಳಿನ ಮನೆಗಳಲ್ಲಿ ಸ್ಟವ್ ಉರಿಯಬೇಕಾದರೆ ಅದೇ ಬೇಕು. ಡಬ್ಬ ಹಿಡಿದು ಕ್ಯೂ ನಿಲ್ಲುವುದು ಹೆಂಗಸರ ಪಾಲಿಗೆ ಬಂದ ಕೆಲಸ. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ಬಿಗಿಹಿಡಿದವು. ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾತೈಲ 1974ರ ಆರಂಭದ ಹೊತ್ತಿಗೆ ಹತ್ತಿರ ಹತ್ತಿರ 12 ಡಾಲರ್ ಆಯಿತು. ಗಾಯದ ಮೇಲೆ ಬರೆ!

ಆಗ ಬೀದಿಗಿಳಿದವರಲ್ಲಿ ಮೂವರ ಹೆಸರು ಮುಖ್ಯ. ಗೋರೆಗಾಂವಿನ ನೀರಿಗಾಗಿ ಹೋರಾಡಿ "ಪಾನಿವಾಲಿ ಬಾಯಿ" ಎಂದೇ ಹೆಸರಾದ ಮೃಣಾಲ್ ಗೋರೆ, ಅವರ ಸಮಾಜವಾದಿ ಸಂಗಾತಿ ಪ್ರಮೀಳಾ ದಂಡವತೆ, ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದ ಅಹಿಲ್ಯಾ ರಾಂಗಣೇಕರ್. ಪಕ್ಷಗಳು ಬೇರೆ ಬೇರೆಯಾದರೂ ಬೆಲೆ ಏರಿಕೆ ವಿರುದ್ಧ ಮಹಿಳೆಯರ ಸಂಯುಕ್ತ ಸಮಿತಿ ಕಟ್ಟಿದರು. ಒಲೆಯ ಮುಂದೆ ಪಕ್ಷಭೇದ ಎಲ್ಲಿಯದು?

ಅವರ ಗುರುತು ಲಟ್ಟಣಿಗೆ. ಮರಾಠಿಯಲ್ಲಿ ಲಾಟಣೆ. ಸಾವಿರಾರು ಗೃಹಿಣಿಯರು ಅದನ್ನು ಹಿಡಿದು ಮೋರ್ಚಾ ಹೊರಟರು. ಮನೆಬಿಟ್ಟು ಬರಲಾಗದವರು ಇದ್ದಲ್ಲೇ ನಿಂತು ತಟ್ಟೆ ಬಾರಿಸಿದರು. ತಟ್ಟೆ ಬಾರಿಸುವುದೆಂದರೆ ಈಗಿನವರಿಗೆ 2020ರ ಕೊರೊನಾ ದಿನಗಳೇ ನೆನಪಾಗುತ್ತವೆ. ಮುಂಬಯಿಯ ಹೆಂಗಸರು ಅದನ್ನು ಐವತ್ತು ವರ್ಷದ ಹಿಂದೆಯೇ ಮಾಡಿದ್ದರು!

ಇಲ್ಲಿ ಗಮನಿಸಬೇಕಾದದ್ದು, ಮೋರ್ಚಾ ಹೋಗುತ್ತಿದ್ದುದು ಎಲ್ಲಿಗೆ ಎನ್ನುವುದು. ಸರಕಾರಿ ಕಚೇರಿಗೆ, ಜನಪ್ರತಿನಿಧಿಗಳ ಮನೆಗೆ, ವ್ಯಾಪಾರಿಗಳ ಬಾಗಿಲಿಗೆ. ಅಂದರೆ ಉತ್ತರ ಕೊಡಬೇಕಾದವರ ಬಳಿಗೆ. ಊರನ್ನೇ ಬಂದ್ ಮಾಡುವ ವಿದ್ಯೆಯೂ ಸಮಾಜವಾದಿಗಳಿಗೆ ಗೊತ್ತಿಲ್ಲದ್ದೇನಲ್ಲ. ಅದರಲ್ಲಿ ಪಳಗಿದವರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್! ಆದರೆ ಈ ಹೆಂಗಸರ ಬಲ ಇದ್ದದ್ದು ಜನರನ್ನು ತಡೆಯುವುದರಲ್ಲಲ್ಲ, ಸೇರಿಸುವುದರಲ್ಲಿ.

ದಿಲ್ಲಿಯಲ್ಲೂ ಇಂಥದ್ದೇ ಜಾಣತನ ಕಂಡಿತು. 1973ರ ನವೆಂಬರ್ 12ರಂದು ಪೆಟ್ರೋಲ್ ದರ ಏರಿಕೆಯನ್ನು ಖಂಡಿಸಿ ಅಟಲ್ ಬಿಹಾರಿ ವಾಜಪೇಯಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಆ ಚಿತ್ರ ಜನ ಇನ್ನೂ ಮರೆತಿಲ್ಲ.

ಕಾನೂನು ಏನು ಹೇಳುತ್ತಿತ್ತು? 1951ರ ಬಾಂಬೆ ಪೊಲೀಸ್ ಕಾಯ್ದೆಯ (ಈಗ ಮಹಾರಾಷ್ಟ್ರ ಪೊಲೀಸ್ ಕಾಯ್ದೆ) 37ನೇ ಕಲಮಿನಡಿ ಕಮಿಷನರ್ ಸಭೆ, ಮೆರವಣಿಗೆಗಳನ್ನು ನಿಷೇಧಿಸಬಹುದು. ಆದರೆ ಸರಕಾರದ ಒಪ್ಪಿಗೆ ಇಲ್ಲದೆ 15 ದಿನಕ್ಕಿಂತ ಹೆಚ್ಚಿಲ್ಲ. ಅದೇ ಕಲಮಿನಲ್ಲಿ ದೊಣ್ಣೆ, ಲಾಠಿ ಮತ್ತು ಹೊಡೆಯಲು ಬಳಸಬಹುದಾದ ಯಾವುದೇ ವಸ್ತುವನ್ನು ಒಯ್ಯದಂತೆ ತಡೆಯುವ ಅಧಿಕಾರವೂ ಇದೆ. ಲಟ್ಟಣಿಗೆ ಅದರಲ್ಲಿ ಬರುತ್ತದೋ ಇಲ್ಲವೋ, ವಕೀಲರೇ ಹೇಳಬೇಕು!

1972ರ ಸೆಪ್ಟೆಂಬರಿನಲ್ಲಿ ಇದೇ ಕಾಯ್ದೆಯಡಿಯ ನಿಯಮವೊಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ಬಂತು. ಅಹಮದಾಬಾದಿನ ಹಿಮ್ಮತ್‌ಲಾಲ್ ಶಾ ಪ್ರಕರಣ. ಬೀದಿಯಲ್ಲಿ ಸಭೆಗೆ ಅನುಮತಿ ಕೊಡುವುದನ್ನು ಪೂರ್ತಿ ಪೊಲೀಸರ ಮರ್ಜಿಗೆ ಬಿಟ್ಟ ಆ ನಿಯಮವನ್ನು ಕೋರ್ಟು ರದ್ದು ಮಾಡಿತು. ಸಾರ್ವಜನಿಕ ಸಭೆಗಳನ್ನು ನಿಯಂತ್ರಿಸಬಹುದು, ಹಕ್ಕನ್ನೇ ಕಿತ್ತುಕೊಳ್ಳುವಂತಿಲ್ಲ ಎಂಬುದು ಅದರ ತಾತ್ಪರ್ಯ.

ಬಂದ್‌ನ ಗತಿ ಬೇರೆಯಾಯಿತು. 1997ರಲ್ಲಿ ಕೇರಳ ಹೈಕೋರ್ಟು ಬಲವಂತದ ಬಂದ್ ಸಂವಿಧಾನಬಾಹಿರ ಎಂದಿತು, ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಮುಂಬಯಿಯಲ್ಲಿ 2003ರ ಜುಲೈ 30ರ ಬಂದ್‌ಗಾಗಿ ಬಿಜೆಪಿ ಮತ್ತು ಶಿವಸೇನೆಗೆ ಹೈಕೋರ್ಟು 2004ರಲ್ಲಿ ತಲಾ 20 ಲಕ್ಷ ರೂಪಾಯಿ ತೆರುವಂತೆ ಹೇಳಿತು. ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು 2020ರ ಅಕ್ಟೋಬರಿನಲ್ಲಿ ಶಾಹೀನ್ ಬಾಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಹಾಗೆಂದು ಲಟ್ಟಣಿಗೆಯ ಹೆಂಗಸರು ಕಾನೂನಿನ ಗೆರೆ ದಾಟಲೇ ಇಲ್ಲ ಎನ್ನಲಾರೆ. ಅಧಿಕಾರಿಗಳಿಗೆ ಘೇರಾವ್ ಹಾಕಿದ್ದೂ ಉಂಟು. 1975ರ ತುರ್ತು ಪರಿಸ್ಥಿತಿಯಲ್ಲಂತೂ ಮೂವರು ನಾಯಕಿಯರೂ ಜೈಲು ಸೇರಿದರು. ಹಕ್ಕನ್ನೇ ಅಮಾನತಿನಲ್ಲಿಟ್ಟ ಮೇಲೆ ಶಾಂತಿಯ ಮೋರ್ಚಾಕ್ಕೂ ಜಾಗವಿರಲಿಲ್ಲ. ಜನ ಮಾತ್ರ ಮರೆಯಲಿಲ್ಲ. 1977ರ ಚುನಾವಣೆಯಲ್ಲಿ ಮೃಣಾಲ್ ಮತ್ತು ಅಹಿಲ್ಯಾ ಇಬ್ಬರೂ ಮುಂಬಯಿಯಿಂದಲೇ ಲೋಕಸಭೆಗೆ ಹೋದರು. 1980ರಲ್ಲಿ ಪ್ರಮೀಳಾ ಹೋದರು.

ಇಂದು ಮುಂಬಯಿಯಲ್ಲಿ ಪ್ರತಿಭಟನೆ ಎಂದರೆ ಆಜಾದ್ ಮೈದಾನ. ಪೊಲೀಸರಿಗೆ ಮೊದಲೇ ಅರ್ಜಿ ಕೊಡಬೇಕು, ಎಷ್ಟು ಜನ, ಎಷ್ಟು ಹೊತ್ತು ಎಲ್ಲ ಹೇಳಬೇಕು. ಕಿರಿಕಿರಿಯೇ, ಒಪ್ಪುತ್ತೇನೆ. ಆದರೆ ಆಂಬುಲೆನ್ಸಿಗೆ ದಾರಿ ಬಿಟ್ಟು, ನಮ್ಮವರೇ ಸ್ವಯಂಸೇವಕರಾಗಿ ನಿಂತು, ಹೇಳಿದ ಹೊತ್ತಿಗೆ ಮುಗಿಸುವ ಮೋರ್ಚಾಕ್ಕೆ ನೋಡುವವನ ಮನಸ್ಸೂ ಕರಗುತ್ತದೆ. ಬಸ್ಸಿಗೆ ಕಲ್ಲು ಬಿದ್ದರೆ ಮರುದಿನದ ಪೇಪರಿನಲ್ಲಿ ಕಲ್ಲಿನ ಸುದ್ದಿಯೇ, ಬೆಲೆಯ ಸುದ್ದಿ ಇಲ್ಲ.

2017ರ ಜೂನ್ 16ರಿಂದ ಇಂಧನ ದರವನ್ನು ದಿನದಿನವೂ ಪರಿಷ್ಕರಿಸುವ ಪದ್ಧತಿ ಬಂತು. ಮೊದಲಿನ ಹಾಗೆ ರಾತ್ರೋರಾತ್ರಿ ಘೋಷಣೆ ಬೇಕಿಲ್ಲ, ಪೈಸೆ ಪೈಸೆಯಾಗಿ ಏರಬಹುದು. ಹಾಗಾದರೆ ಕೇಳುವುದು ಯಾರನ್ನು? ಸುಂಕ ಹಾಕುವ ಕೇಂದ್ರವನ್ನೇ, ತೆರಿಗೆ ಹಾಕುವ ರಾಜ್ಯವನ್ನೇ, ಎಣ್ಣೆ ಕಂಪನಿಯನ್ನೇ? ಮೋರ್ಚಾ ಹೊರಡುವ ಮುನ್ನ ಇದನ್ನು ತಿಳಿದಿರಬೇಕು. ಲಟ್ಟಣಿಗೆ ಹಿಡಿದ ಆ ತಾಯಂದಿರಿಗೆ ತಾವು ಯಾರ ಬಾಗಿಲು ತಟ್ಟಬೇಕೆಂಬುದು ಚೆನ್ನಾಗಿ ಗೊತ್ತಿತ್ತು.