ಮರಳಿನ ಅಕ್ಷರದಿಂದ ಮನೆಗೆಲಸದ ಪುಸ್ತಕದವರೆಗೆ

ನಮ್ಮ ಧರ್ಮಕೇಂದ್ರವು ನೂರು ಸಂವತ್ಸರಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ ದೇವಾಲಯದ ನಿರ್ಮಾಣವನ್ನು ಕುರಿತು, ಇಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನು ಕುರಿತು ಬಲ್ಲವರು ಈ ಸಂಚಿಕೆಯಲ್ಲಿ ಬರೆದಿದ್ದಾರೆ. ನಾವು ಆರಿಸಿಕೊಂಡಿರುವ ವಿಷಯವು ಅವುಗಳಿಗಿಂತ ಚಿಕ್ಕದೆಂದು ತೋರಬಹುದು. ನಮ್ಮ ಮೈಸೂರಿನ ಮಕ್ಕಳು, ಅದರಲ್ಲಿಯೂ ಐದರಿಂದ ಏಳನೆಯ ತರಗತಿಯವರೆಗಿನ ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳು, ಶಾಲೆಯಲ್ಲಿ ಕೇಳಿದ ಪಾಠವನ್ನು ಮನೆಯಲ್ಲಿ ಹೇಗೆ ಅಭ್ಯಾಸ ಮಾಡುತ್ತ ಬಂದರೆಂಬುದೇ ಆ ವಿಷಯ. ಆದರೆ ಶುಭಸಂದೇಶಕರ್ತನಾದ ಸಂತ ಲೂಕನು ಯೇಸುಸ್ವಾಮಿಯ ಬಾಲ್ಯದಿಂದ ಆಯ್ದು ನಮಗೆ ಹೇಳಿರುವ ಒಂದೇ ಪ್ರಸಂಗವು ಹನ್ನೆರಡು ವರ್ಷದ ಬಾಲಕನದು. ಆ ಬಾಲಕನು ಜೆರುಸಲೇಮಿನ ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಆಲಿಸುತ್ತಲೂ ಪ್ರಶ್ನಿಸುತ್ತಲೂ ಇದ್ದನು. ಇಂದಿನ ಲೆಕ್ಕದಲ್ಲಿ ಅವನು ಏಳನೆಯ ತರಗತಿಯ ವಿದ್ಯಾರ್ಥಿ. ಆದ್ದರಿಂದ ಈ ವಯಸ್ಸಿನ ಮಕ್ಕಳ ಕಲಿಕೆಯು ಧರ್ಮಸಭೆಯ ಚಿಂತನೆಗೆ ಹೊರತಾದುದಲ್ಲ.

ಸರ್ಕಾರಿ ಶಾಲೆಗಳು ಬರುವ ಮೊದಲು ನಮ್ಮ ನಾಡಿನಲ್ಲಿ ಇದ್ದವು ಕೂಲಿಮಠಗಳು. ಊರಿನ ಜಗುಲಿಯಲ್ಲಿಯೋ ಗುಡಿಯ ಮಂಟಪದಲ್ಲಿಯೋ ಐಗಳು ಮಕ್ಕಳನ್ನು ಕೂರಿಸಿಕೊಂಡು ಕಲಿಸುತ್ತಿದ್ದರು. ನೆಲದ ಮೇಲೆ ಮರಳು ಹರಡಿ ಅದರಲ್ಲಿ ಬೆರಳಿನಿಂದ ಅಕ್ಷರ ತಿದ್ದುವುದು ಮೊದಲ ಮೆಟ್ಟಿಲು. ಅನಂತರ ಮಸಿ ಬಳಿದ ಬಟ್ಟೆಯ ಕಡತ ಮತ್ತು ಬಳಪ. ಮುಂದೆ ಕಾಗುಣಿತ, ಮಗ್ಗಿ, ಬಾಯಿಲೆಕ್ಕ, ಕಾವ್ಯದ ಕಂಠಪಾಠ. ತಪ್ಪಿದವರಿಗೆ ಕೋದಂಡವೇ ಮೊದಲಾದ ಕಠಿಣ ಶಿಕ್ಷೆಗಳಿದ್ದುದೂ ನಿಜ. ಆ ಕಾಲವನ್ನು ನಾವು ಸುಮ್ಮನೆ ಹೊಗಳಲಾರೆವು. ಆದರೂ ಅಲ್ಲಿ ಒಂದು ವಿಶೇಷವಿದ್ದಿತು. ದೊಡ್ಡ ಹುಡುಗನು ಚಿಕ್ಕವನ ಪಕ್ಕದಲ್ಲಿ ಕುಳಿತು ಅವನ ಬೆರಳು ಹಿಡಿದು ತಿದ್ದಿಸುತ್ತಿದ್ದನು. 18ನೆಯ ಶತಮಾನದ ಕೊನೆಯಲ್ಲಿ ಮದರಾಸಿನಲ್ಲಿದ್ದ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯು ದಕ್ಷಿಣದೇಶದ ಈ ಪದ್ಧತಿಯನ್ನು ಕಂಡು ಮೆಚ್ಚಿ, ತನ್ನ ಶಾಲೆಯಲ್ಲಿ ಅಳವಡಿಸಿ, 1797ರಲ್ಲಿ ಅದನ್ನು ಕುರಿತು ಇಂಗ್ಲೆಂಡಿನಲ್ಲಿ ಬರೆದು ಪ್ರಕಟಿಸಿದನು. ಅಲ್ಲಿ ಅದಕ್ಕೆ ಮದರಾಸು ಪದ್ಧತಿಯೆಂಬ ಹೆಸರೇ ಬಂದಿತು.

ಆ ಕಾಲದಲ್ಲಿ ಮನೆಗೆಲಸವೆಂದರೆ ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿಯನ್ನೂ ತಿಂಗಳು, ನಕ್ಷತ್ರಗಳ ಹೆಸರನ್ನೂ ಗಟ್ಟಿಯಾಗಿ ಒಪ್ಪಿಸುವುದು. ಕ್ರೈಸ್ತ ಕುಟುಂಬಗಳಲ್ಲಿ ಇದಕ್ಕೆ ಜಪಗಳೂ ಜ್ಞಾನೋಪದೇಶದ ಪ್ರಶ್ನೋತ್ತರಗಳೂ ಸೇರುತ್ತಿದ್ದವು. ತಾಯಿಗೆ ಓದು ಬಾರದಿದ್ದರೂ ಕಿವಿ ಇದ್ದಿತು. ಮಗು ಎಲ್ಲಿ ತಡವರಿಸಿತೆಂಬುದು ಅವಳಿಗೆ ತಿಳಿಯುತ್ತಿತ್ತು.

ಮೈಸೂರು ಸೀಮೆಯಲ್ಲಿ ನಮ್ಮ ಧರ್ಮಪ್ರಚಾರಕರು ಮೊದಲಿನಿಂದಲೂ ದೇಶಭಾಷೆಯನ್ನೇ ಹಿಡಿದರು. 17ನೆಯ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿ ಸ್ವಾಮಿಗಳು ಕನ್ನಡವನ್ನು ಕಲಿತು ಕನ್ನಡದಲ್ಲಿಯೇ ಜ್ಞಾನೋಪದೇಶವನ್ನು ಬರೆದರು. ಎರಡು ಶತಮಾನಗಳ ತರುವಾಯ ಧರ್ಮಾಧ್ಯಕ್ಷ ಶಾರ್ಬೊನೊ ಅವರ ಕಾಲದಲ್ಲಿ ಬೆಂಗಳೂರಿನ ಮಿಷನ್ ಮುದ್ರಣಾಲಯದಿಂದ 1855ರಲ್ಲಿ ಕನ್ನಡ-ಲ್ಯಾಟಿನ್ ನಿಘಂಟೂ 1861ರಲ್ಲಿ ಲ್ಯಾಟಿನ್-ಕನ್ನಡ ನಿಘಂಟೂ ಹೊರಬಂದವು. 1854ರಲ್ಲಿ ಅವರೇ ಬರಮಾಡಿಕೊಂಡ ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು ಬೆಂಗಳೂರಿನಲ್ಲಿಯೂ ಆಮೇಲೆ ಮೈಸೂರಿನಲ್ಲಿಯೂ ಹೆಣ್ಣುಮಕ್ಕಳ ವಿದ್ಯೆಗಾಗಿ ದುಡಿದರು. ಫ್ರಾನ್ಸಿನ ಸಂತ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್ ಅವರು ಬಡಕುಶಲಕರ್ಮಿಗಳ ಮಕ್ಕಳಿಗೆ ಲ್ಯಾಟಿನನ್ನು ಬಿಟ್ಟು ತಾಯಿನುಡಿಯಲ್ಲಿ ಓದು ಕಲಿಸಬೇಕೆಂದು ನಿಶ್ಚಯಿಸಿದ್ದರು. 1719ರಲ್ಲಿ ತೀರಿಕೊಂಡ ಆ ಮಹನೀಯರನ್ನು 1950ರಲ್ಲಿ ಹನ್ನೆರಡನೆಯ ಪಯಸ್ ಜಗದ್ಗುರುಗಳು ಶಿಕ್ಷಕರ ಪಾಲಕ ಸಂತರೆಂದು ಸಾರಿದರು. ಮಗುವಿಗೆ ತಿಳಿಯುವ ಮಾತಿನಲ್ಲಿ ಮೊದಲು ಹೇಳಬೇಕು, ಅಭ್ಯಾಸ ಆಮೇಲೆ ಎಂಬುದು ಈ ಪರಂಪರೆಯ ಸಾರ. 1599ರಲ್ಲಿ ಯೇಸುಸಭೆಯವರು ಸಿದ್ಧಪಡಿಸಿದ ಶಿಕ್ಷಣಕ್ರಮದಲ್ಲಿಯೂ ಇದೇ ಅನುಕ್ರಮ ಕಾಣುತ್ತದೆ. ಗುರುವು ಪಾಠವನ್ನು ಮುಂಚೆ ಬಿಡಿಸಿ ಹೇಳಬೇಕು. ಶಿಷ್ಯನು ಮರುದಿನ ಅದನ್ನು ಪುನರಾವರ್ತಿಸಬೇಕು. ಬಿಡಿಸಿ ಹೇಳದ ಪಾಠಕ್ಕೆ ಪುನರಾವರ್ತನೆಯೆಂಬುದಿಲ್ಲ.

ನಮ್ಮ ನಗರದಲ್ಲಿ ಹೊಸ ಮಾದರಿಯ ಶಾಲೆಯು 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಸ್ಥಾಪಿಸಿದ ಉಚಿತ ಇಂಗ್ಲಿಷ್ ಶಾಲೆಯಿಂದ ಮೊದಲಾಯಿತು. 1868ರಲ್ಲಿ ಬಿ. ಎಲ್. ರೈಸ್ ಅವರ ಯೋಜನೆಯಂತೆ ಹೋಬಳಿಗೊಂದು ಶಾಲೆ ತೆರೆಯುವ ಕಾರ್ಯ ನಡೆಯಿತು. 1876ರಲ್ಲಿ ಮರಿಮಲ್ಲಪ್ಪನವರ ಶಾಲೆಯೂ 1881ರಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆಯೂ ಹುಟ್ಟಿದವು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಸಂಸ್ಥಾನವು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆಯನ್ನು ಮಾಡಿತು. ಇದರಿಂದ ಅಕ್ಷರವನ್ನೇ ಕಾಣದ ಮನೆಗಳ ಮಕ್ಕಳಿಗೂ ಶಾಲೆಯ ಬಾಗಿಲು ತೆರೆಯಿತು.

ಬಾಗಿಲು ತೆರೆದುದರ ಜೊತೆಗೆ ಮತ್ತೊಂದು ಬದಲಾವಣೆಯೂ ಆಯಿತು. ಕಾಗದ, ಮಸಿ, ಲಿಖಿತ ಪರೀಕ್ಷೆ ಇವು ಬಂದವು. ಮಾಧ್ಯಮಿಕ ಹಂತದ ಕೊನೆಗೆ ಲೋಯರ್ ಸೆಕೆಂಡರಿ ಪರೀಕ್ಷೆ; ಮುಂದೆ ಬಹುಕಾಲ ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆ. ಬಾಯಿಪಾಠವು ಬರಹದ ಪಾಠವಾಯಿತು. ಕಾಪಿ ಬರೆಯುವುದು, ಉಕ್ತಲೇಖನದ ತಪ್ಪನ್ನು ಹತ್ತು ಸಲ ತಿದ್ದುವುದು, ಪ್ರಶ್ನೋತ್ತರಗಳನ್ನು ನಕಲು ಮಾಡುವುದು ಇವೇ ಮನೆಗೆಲಸವೆನಿಸಿದವು. ಹಿಂದೆ ಕಿವಿಯಿಂದ ನೆರವಾಗುತ್ತಿದ್ದ ಅನಕ್ಷರಸ್ಥ ತಾಯಿಯು ಈಗ ಬರಹದ ಮುಂದೆ ನಿರುಪಾಯಳಾದಳು. ಯಾವ ಶಾಲೆಯು ಬಡವರ ಮಗುವನ್ನು ಒಳಗೆ ಕರೆಯಿತೋ ಅದರ ಮನೆಗೆಲಸವೇ ಆ ಮಗುವಿನ ಮನೆಯನ್ನು ಹೊರಗಿಟ್ಟಿತು.

ಈ ವಿಷಯದಲ್ಲಿ ಮೈಸೂರಿಗೆ ಒಂದು ಹೆಮ್ಮೆಯುಂಟು. ಆರ್. ಕೆ. ನಾರಾಯಣ್ ಅವರ ತಂದೆಯವರು ಇಲ್ಲಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದರು. ನಾರಾಯಣ್ ಅವರು 1935ರಲ್ಲಿ ಪ್ರಕಟಿಸಿದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ ರಜೆಯ ದಿನ ತಂದೆಯು ಮಗನಿಗೆ ಒಂದು ಲೆಕ್ಕ ಕೊಡುತ್ತಾನೆ. ಹತ್ತು ಮಾವಿನ ಹಣ್ಣಿಗೆ ಹದಿನೈದಾಣೆಯಾದರೆ ನಾಲ್ಕು ಹಣ್ಣಿಗೆ ಎಷ್ಟು? ಆರಾಣೆ ಎಂಬ ಉತ್ತರಕ್ಕಿಂತ ಮುಂಚೆ ಆ ಹುಡುಗನಿಗೆ ಹುಟ್ಟುವ ಸಂಶಯವು ಹಣ್ಣು ಮಾಗಿದೆಯೋ ಇಲ್ಲವೋ ಎಂಬುದು. ಓದುವವರಿಗೆ ನಗು ಬರುತ್ತದೆ. ಆದರೆ ದೇವರಾಜ ಮಾರುಕಟ್ಟೆಯಲ್ಲಿ ಮಾವು ಕೊಳ್ಳುವ ಯಾವ ಗೃಹಿಣಿಯೂ ಮೊದಲು ಕೇಳುವುದು ಅದನ್ನೇ ಅಲ್ಲವೇ? ಮಗುವಿನ ಪ್ರಶ್ನೆಯಲ್ಲಿ ವಿವೇಕವಿತ್ತು. ಅದನ್ನು ಆಲಿಸುವ ವ್ಯವಧಾನವು ಹಿರಿಯರಿಗೆ ಇರಲಿಲ್ಲ. ಅದೇ ನಾರಾಯಣ್ ಅವರು ರಾಜ್ಯಸಭೆಯ ನಾಮಕರಣ ಸದಸ್ಯರಾಗಿ 1989ರಲ್ಲಿ ಮಾತನಾಡಲು ನಿಂತಾಗ, ಪುಸ್ತಕದ ಚೀಲ ಹೊತ್ತು ಬೆನ್ನು ಬಾಗಿ ನಡೆಯುವ ಮಕ್ಕಳ ಪರವಾಗಿ, ಆಟಕ್ಕೆ ಬಿಡುವಿಲ್ಲದ ಅವರ ಬಾಲ್ಯದ ಪರವಾಗಿ ವಾದಿಸಿದರು. 1993ರಲ್ಲಿ ಪ್ರೊಫೆಸರ್ ಯಶಪಾಲ್ ಸಮಿತಿಯು ಇದೇ ಹೊರೆಯನ್ನು ಕುರಿತು ವರದಿ ನೀಡಿ, ಚೀಲದ ಭಾರಕ್ಕಿಂತ ಅರ್ಥವಾಗದ ಪಾಠದ ಭಾರವೇ ಹೆಚ್ಚೆಂದು ತೋರಿಸಿಕೊಟ್ಟಿತು.

ಅನಂತರದ ಸುಧಾರಣೆಗಳಲ್ಲಿಯೂ ನಮ್ಮ ಜಿಲ್ಲೆಗೆ ಪಾತ್ರವಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಋಷಿ ಕಣಿವೆಯ ಶಾಲೆಗಳನ್ನು ನೋಡಿಬಂದು ಆರಂಭಿಸಿದ ‘ನಲಿ-ಕಲಿ’ ಪದ್ಧತಿಯು ಮುಂದೆ ರಾಜ್ಯವನ್ನೆಲ್ಲ ವ್ಯಾಪಿಸಿತು. ಕಾರ್ಡುಗಳ ಮೂಲಕ, ಗುಂಪಿನಲ್ಲಿ, ತನ್ನ ನಡಿಗೆಯಲ್ಲಿ ಮಗು ಕಲಿಯುವ ಕ್ರಮವಿದು. ಆದರೆ ಇದು ಕಿರಿಯ ತರಗತಿಗಳಿಗೆ ಮೀಸಲು. ಮೇಲಿನ ತರಗತಿಗಳಿಗೆ ಬಂದೊಡನೆ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ವೇಗ. ಶಿಕ್ಷಣ ಹಕ್ಕಿನ ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. 2020ರ ರಾಷ್ಟ್ರೀಯ ಶಾಲಾಚೀಲ ನೀತಿಯು ಎರಡನೆಯ ತರಗತಿಯವರೆಗೆ ಮನೆಗೆಲಸವೇ ಕೂಡದೆಂದೂ, ಮೂರರಿಂದ ಐದರವರೆಗೆ ವಾರಕ್ಕೆ ಎರಡು ಗಂಟೆ, ಆರರಿಂದ ಎಂಟರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ಹೇಳಿತು.

ನೀತಿಯು ಹೀಗಿರಲು, ಮನೆಗಳ ಸ್ಥಿತಿ ಹೇಗಿದೆ? ಕುಟುಂಬಗಳ ಭೇಟಿಗೆಂದು ಹೋದಾಗ ನಾವು ಕಾಣುವುದು ಎರಡು ಬಗೆಯ ಮನೆಗಳನ್ನು. ಒಂದರಲ್ಲಿ ಮಗುವಿನ ಪ್ರಾಜೆಕ್ಟಿಗಾಗಿ ತಂದೆಯು ಅಂಗಡಿಯಿಂದ ಅಚ್ಚಾದ ಚಿತ್ರಗಳನ್ನು ತರುತ್ತಾನೆ, ತಾಯಿ ಅಂಟಿಸುತ್ತಾಳೆ, ಮಗು ತನ್ನ ಹೆಸರನ್ನು ಮಾತ್ರ ಬರೆಯುತ್ತದೆ. ಇನ್ನೊಂದರಲ್ಲಿ ಒಂದೇ ಕೋಣೆ. ಅಲ್ಲಿಯೇ ಅಡಿಗೆ, ಅಲ್ಲಿಯೇ ಟೆಲಿವಿಷನ್, ಅಲ್ಲಿಯೇ ಮಲಗಿರುವ ವೃದ್ಧರು. ಆ ಮಗುವಿನ ಪುಸ್ತಕ ಖಾಲಿಯಾಗಿಯೇ ಶಾಲೆಗೆ ಹೋಗುತ್ತದೆ. ಮೊದಲನೆಯ ಮಗುವಿಗೆ ಮೆಚ್ಚುಗೆ, ಎರಡನೆಯದಕ್ಕೆ ಛೀಮಾರಿ. ಕಲಿತವರು ಇಬ್ಬರೂ ಅಲ್ಲ. ಛೀಮಾರಿಗೆ ಅಂಜಿ ಒಂದು ದಿನ ಶಾಲೆ ತಪ್ಪಿಸಿದ ಮಗುವು ಎರಡು ದಿನ ತಪ್ಪಿಸುತ್ತದೆ. ಆಮೇಲೆ ಗ್ಯಾರೇಜಿನಲ್ಲಿಯೋ ಹೋಟೆಲಿನಲ್ಲಿಯೋ ಕಾಣಸಿಗುತ್ತದೆ. ನಮ್ಮ ಚಿಂತೆಗೆ ಕಾರಣ ಇದು. ಒಂದು ಮಗುವಿನ ಭವಿಷ್ಯವು ಖಾಲಿ ಹಾಳೆಯೊಂದರಿಂದ ತಪ್ಪಿಹೋಗಬಾರದು.

ಮನೆಗೆಲಸವನ್ನು ಕೊಡುವ ಮುನ್ನ ನಮ್ಮ ಶಿಕ್ಷಕ ಬಂಧುಗಳು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕೆಂದು ನಾವು ವಿನಂತಿಸುತ್ತೇವೆ: ಹಣದ ಖರ್ಚಿಲ್ಲದೆ, ಓದಿದವರ ನೆರವಿಲ್ಲದೆ, ತರಗತಿಯಲ್ಲಿ ಕೇಳಿದ್ದರ ಬಲದಿಂದಲೇ ಈ ಮಗು ಇದನ್ನು ಮಾಡಬಲ್ಲದೇ? ಅಂಥ ಕೆಲಸಗಳಿಗೆ ಮೈಸೂರಿನಲ್ಲಿ ಬರವಿಲ್ಲ. ಮಳೆಗಾಲದಲ್ಲಿ ಕೃಷ್ಣರಾಜಸಾಗರದ ನೀರಿನ ಮಟ್ಟವು ಪ್ರತಿದಿನ ಪತ್ರಿಕೆಯಲ್ಲಿ ಬರುತ್ತದೆ. ಶಾಲೆಯ ಫಲಕದಿಂದ ಅದನ್ನು ಗುರುತಿಸಿಕೊಂಡು 124.80 ಅಡಿಯ ಗರಿಷ್ಠ ಮಟ್ಟಕ್ಕೆ ಎಷ್ಟು ಉಳಿಯಿತೆಂದು ಕಳೆದು, ತಿಂಗಳ ಕೊನೆಗೆ ನಕ್ಷೆ ಬರೆದರೆ ದಶಮಾಂಶವೂ ಭೂಗೋಳವೂ ಒಟ್ಟಿಗೆ ಕಲಿತಂತಾಯಿತು. ಸಂತ ಫಿಲೋಮಿನಾ ಪ್ರಧಾನಾಲಯದ ಗೋಪುರಗಳು ಸುಮಾರು 175 ಅಡಿ ಎತ್ತರವೆಂದು ಎಲ್ಲರೂ ಹೇಳುತ್ತಾರೆ. ಹತ್ತದೆ ಅಳೆಯುವುದು ಹೇಗೆ? ನಮ್ಮ ದೇವಾಲಯದ ಅಂಗಳದಲ್ಲಿಯೇ ಮೂರಡಿಯ ಕೋಲು ನಿಲ್ಲಿಸಿ ಅದರ ನೆರಳು ಎರಡಡಿಯಾಗಿರುವ ಹೊತ್ತಿನಲ್ಲಿ ಗೋಪುರದ ನೆರಳು ನಲವತ್ತಡಿಯಾದರೆ, ಗೋಪುರವು ಅರವತ್ತಡಿಯೆಂದು ಏಳನೆಯ ತರಗತಿಯ ಮಗು ಅನುಪಾತದಿಂದ ಹೇಳಬಲ್ಲದು. ಮುಮ್ಮಡಿಯವರ ಕಾಲದಲ್ಲಿ 1843ರಲ್ಲಿ ಕಟ್ಟಿದ ಹಳೆಯ ಚರ್ಚಿಗೂ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಹೊಸ ಪ್ರಧಾನಾಲಯಕ್ಕೆ ಅಸ್ತಿಭಾರವಿಟ್ಟುದಕ್ಕೂ ನಡುವೆ ತೊಂಬತ್ತು ವರ್ಷಗಳು. ಅಷ್ಟರಲ್ಲಿ ತನ್ನ ಕುಟುಂಬದ ಎಷ್ಟು ತಲೆಮಾರು ಕಳೆದವೆಂದು ಅಜ್ಜಿಯನ್ನು ಕೇಳಿ ಬರೆಯುವುದೂ ಚರಿತ್ರೆಯ ಪಾಠವೇ.

ಇನ್ನು ತಂದೆತಾಯಿಗಳಿಗೆ ಒಂದು ಮಾತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ ಶಿಕ್ಷಣ ಕುರಿತ ಘೋಷಣೆಯಲ್ಲಿ ಹೆತ್ತವರೇ ಮಕ್ಕಳ ಮೊದಲ ಶಿಕ್ಷಕರೆಂದು ಸಾರಿದೆ. ಓದು ಬಲ್ಲ ಹೆತ್ತವರಿಗೆ ಮಾತ್ರ ಈ ಗೌರವವೆಂದು ಅದು ಹೇಳಿಲ್ಲ. ನಿಮಗೆ ಅಕ್ಷರ ಬಾರದಿದ್ದರೂ ಚಿಂತೆಯಿಲ್ಲ. ಸಂಜೆಯ ಜಪಸರದ ನಂತರ ಕಾಲುಗಂಟೆ ಮಗುವನ್ನು ಎದುರಿಗೆ ಕೂರಿಸಿಕೊಂಡು, ಅಂದು ಕಲಿತದ್ದನ್ನು ನಿಮಗೆ ತಿಳಿಯುವಂತೆ ಹೇಳಲು ಕೇಳಿರಿ. ನಿಮಗೆ ತಿಳಿಸಬಲ್ಲ ಮಗು ಪಾಠವನ್ನು ಬಲ್ಲದು. ತಡವರಿಸುವ ಮಗುವಿಗೆ ಮರುದಿನ ಗುರುಗಳನ್ನು ಏನು ಕೇಳಬೇಕೆಂಬುದು ಗೊತ್ತಾಗುತ್ತದೆ. ಕೂಲಿಮಠದ ಕಾಲದ ತಾಯಿಯ ಕಿವಿಗೆ ಹೀಗೆ ಮತ್ತೆ ಕೆಲಸ ಸಿಗಲಿ.

ಧರ್ಮಕೇಂದ್ರಕ್ಕೂ ಇಲ್ಲಿ ಕರ್ತವ್ಯವಿದೆ. ನಮ್ಮ ಸಭಾಂಗಣವು ಮದುವೆ, ಸಭೆಗಳ ದಿನಗಳನ್ನು ಬಿಟ್ಟರೆ ಸಂಜೆ ಬೀಗ ಹಾಕಿಕೊಂಡಿರುತ್ತದೆ. ಶತಮಾನೋತ್ಸವದ ನೆನಪಿಗೆ ಅಮೃತಶಿಲೆಯ ಫಲಕವೊಂದನ್ನು ನೆಡುವುದರ ಜೊತೆಗೆ, ವಾರದಲ್ಲಿ ಐದು ಸಂಜೆ ಆರರಿಂದ ಏಳರವರೆಗೆ ಆ ಬಾಗಿಲನ್ನು ತೆರೆದು, ದೀಪ ಹಚ್ಚಿ, ಚಾಪೆ ಹಾಸಿ, ಜಾತಿಮತಗಳ ಭೇದವಿಲ್ಲದೆ ಸುತ್ತಲಿನ ಮಕ್ಕಳನ್ನು ಕರೆಯೋಣ. ಕಾಲೇಜಿಗೆ ಹೋಗುವ ನಮ್ಮ ಯುವಕ ಯುವತಿಯರು ಸರದಿಯಂತೆ ಬಂದು, ಹಿಂದೆ ದೊಡ್ಡ ಹುಡುಗನು ಚಿಕ್ಕವನ ಪಕ್ಕದಲ್ಲಿ ಕುಳಿತಂತೆ ಕುಳಿತುಕೊಳ್ಳಲಿ. ಇದು ಮನೆಪಾಠವಲ್ಲ, ಶುಲ್ಕವೂ ಇಲ್ಲ. ಮನೆಯಲ್ಲಿ ದೊರೆಯದ ಒಂದು ಗಂಟೆಯ ಶಾಂತಿಯನ್ನು ದೇವರ ಮನೆಯ ಅಂಗಳದಲ್ಲಿ ಒದಗಿಸುವುದಷ್ಟೇ. ಇದಕ್ಕೆ ಒಪ್ಪುವ ಯುವಜನರು ಮುಂದಿನ ಭಾನುವಾರ ಬಲಿಪೂಜೆಯ ನಂತರ ಗುರುನಿವಾಸದಲ್ಲಿ ನಮ್ಮನ್ನು ಕಂಡು ತಮ್ಮ ಹೆಸರನ್ನೂ ಬಿಡುವಿನ ದಿನವನ್ನೂ ತಿಳಿಸಬೇಕಾಗಿ ಕೋರುತ್ತೇವೆ. ನಜರೇತಿನ ಮನೆಯಲ್ಲಿ ಬಾಲಯೇಸುವನ್ನು ಬೆಳೆಸಿದ ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ನಮ್ಮ ಮಕ್ಕಳ ಮೇಲೆ ಕೃಪಾದೃಷ್ಟಿಯಿಡಲಿ.