ಮಗ್ಗಿ, ಮಾನ ಮತ್ತು ಮನೆ: ಕನ್ನಡ ನಾಡಿನಲ್ಲಿ ಮಕ್ಕಳ ಲೆಕ್ಕದ ಕಲಿಕೆ

ಮಕ್ಕಳಿಗೆ ಗಣಿತ ಕಲಿಸುವುದು ಶಾಲೆಯ ಕೆಲಸ, ಶಾಲೆ ಹೇಳಿಕೊಟ್ಟದ್ದನ್ನು ಮನೆಯಲ್ಲಿ ಒಪ್ಪಿಸಿಕೊಳ್ಳುವುದಷ್ಟೇ ತಂದೆತಾಯಿಗಳ ಕೆಲಸ ಎಂಬ ಭಾವನೆ ಇಂದು ಎಷ್ಟು ಸಹಜವಾಗಿದೆಯೆಂದರೆ, ಅದಕ್ಕೂ ಒಂದು ಚರಿತ್ರೆಯಿದೆ ಎಂಬುದೇ ಮರೆತುಹೋಗಿದೆ. ಕನ್ನಡ ನಾಡಿನಲ್ಲಿ ಬಹುಕಾಲ ಮನೆ, ಹೊಲ, ಅಂಗಡಿ ಮತ್ತು ಊರ ಶಾಲೆಯಾದ ಮಠ ಇವೆಲ್ಲ ಒಂದೇ ಲೆಕ್ಕವನ್ನು ಬಳಸುತ್ತಿದ್ದವು. ಆದ್ದರಿಂದ ಅಕ್ಷರ ಬಾರದ ತಾಯಿಯೂ ಮಗುವಿನ ಮಗ್ಗಿಯನ್ನು ಕೇಳಿಯೇ ತಿದ್ದಬಲ್ಲವಳಾಗಿದ್ದಳು. ಆ ನಂಟು ಹೇಗೆ ಬೆಳೆಯಿತು, ಯಾವ ಕಾರಣಗಳಿಂದ ಸಡಿಲವಾಯಿತು ಎಂಬುದನ್ನು ಪರಿಶೀಲಿಸಿದರೆ, ಇಂದಿನ ಪೋಷಕರು ಮಕ್ಕಳ ಗಣಿತದ ಪುಸ್ತಕದ ಮುಂದೆ ಪಡುವ ಅಳುಕು ಅವರ ಅಸಾಮರ್ಥ್ಯದಿಂದ ಹುಟ್ಟಿದ್ದಲ್ಲವೆಂಬುದು ತಿಳಿದುಬರುತ್ತದೆ.

ಬದುಕಿನ ವ್ಯವಹಾರಕ್ಕೂ ಗಣಿತಕ್ಕೂ ಇರುವ ಸಂಬಂಧವನ್ನು ಈ ನಾಡಿನ ಪ್ರಾಚೀನ ಗಣಿತಜ್ಞರು ಚೆನ್ನಾಗಿ ಬಲ್ಲವರಾಗಿದ್ದರು. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬಾಳಿದ ಜೈನ ವಿದ್ವಾಂಸ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದ ಆರಂಭದಲ್ಲಿ ಗಣಿತವು ಎಲ್ಲೆಲ್ಲಿ ಬೇಕಾಗುತ್ತದೆ ಎಂದು ಎಣಿಸುವಾಗ ಅರ್ಥಶಾಸ್ತ್ರ, ವೈದ್ಯ, ಸಂಗೀತ, ವಾಸ್ತುಗಳ ಜೊತೆಗೆ ಅಡುಗೆಯ ವಿದ್ಯೆಯಾದ ಸೂಪಶಾಸ್ತ್ರವನ್ನೂ ಹೆಸರಿಸುತ್ತಾನೆ. 12ನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಕೃತಿಗಳನ್ನು ಕನ್ನಡದಲ್ಲಿಯೇ ಬರೆದು, ಕೊಡುಕೊಳ್ಳುವಿಕೆಯ ಮತ್ತು ನೆಲದ ಅಳತೆಯ ಲೆಕ್ಕಗಳನ್ನು ಸಂಸ್ಕೃತ ಬಾರದವರಿಗೂ ತಲುಪುವಂತೆ ಮಾಡಿದನು. ಕನ್ನಡದಲ್ಲಿ ಗಣಿತ ಗ್ರಂಥಗಳನ್ನು ರಚಿಸಿದವರಲ್ಲಿ ಆತನೇ ಮೊದಲಿಗನೆಂದು ಸಾಹಿತ್ಯ ಚರಿತ್ರೆಕಾರರು ಗುರುತಿಸಿದ್ದಾರೆ. ಅದೇ ಶತಮಾನದ ಭಾಸ್ಕರಾಚಾರ್ಯನಿಗೆ ಗುರುವಾಗಿದ್ದವನು ಅವನ ತಂದೆ ಮಹೇಶ್ವರನೇ. ಭಾಸ್ಕರನ ವಿದ್ಯೆ ಮಗ ಲಕ್ಷ್ಮೀಧರನಿಗೂ ಅಲ್ಲಿಂದ ಮೊಮ್ಮಗ ಚಂಗದೇವನಿಗೂ ಇಳಿದು ಬಂದಿತೆಂಬುದನ್ನು, ಅಜ್ಜನ ಗ್ರಂಥಗಳ ಅಧ್ಯಯನಕ್ಕಾಗಿ ಚಂಗದೇವನು ಸ್ಥಾಪಿಸಿದ ಮಠಕ್ಕೆ ದೊರೆತ 1207ರ ದತ್ತಿಯನ್ನು ದಾಖಲಿಸುವ ಖಾನದೇಶದ ಪಾಟಣದ ಶಾಸನವು ತಿಳಿಸುತ್ತದೆ. ಪಂಡಿತ ಕುಲಗಳಲ್ಲಿ ಗಣಿತವು ಮನೆತನದ ವಿದ್ಯೆಯಾಗಿ ಸಾಗಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಸಾಮಾನ್ಯ ಜನರ ಮಕ್ಕಳು ಲೆಕ್ಕ ಕಲಿಯುತ್ತಿದ್ದ ರೀತಿಗೆ ಸಿಗುವ ವಿವರವಾದ ಬರಹಗಳಲ್ಲಿ ಒಂದು 1823ರ ಆಗಸ್ಟ್ ತಿಂಗಳಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಸಲ್ಲಿಸಿದ ವರದಿ. ಮದರಾಸು ಗವರ್ನರ್ ಥಾಮಸ್ ಮನ್ರೊ ಪ್ರಾಂತದ ವಿದ್ಯಾಭ್ಯಾಸದ ಸ್ಥಿತಿಯನ್ನು ತಿಳಿಯಲು 1822ರಲ್ಲಿ ಹೊರಡಿಸಿದ ಆದೇಶದಂತೆ ಸಿದ್ಧವಾದ ಈ ವರದಿಯ ಪ್ರಕಾರ ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳಿದ್ದು, ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಕಲಿಯುತ್ತಿದ್ದ ಮಕ್ಕಳು 6,641. ಈ ಬಗೆಯ ಊರ ಶಾಲೆಗಳಿಗೆ ಕನ್ನಡದಲ್ಲಿ ಕೂಲಿಮಠ ಅಥವಾ ಐಗಳ ಮಠ ಎಂಬ ಹೆಸರಿತ್ತು. ಕಲಿಸುವ ಐಗಳಿಗೆ ಮಕ್ಕಳ ತಂದೆತಾಯಿಗಳೇ ಹಣವನ್ನೋ ಧಾನ್ಯವನ್ನೋ ಕೊಟ್ಟು ಮಠವನ್ನು ನಡೆಸುತ್ತಿದ್ದರು. ಐದನೆಯ ವರ್ಷಕ್ಕೆ ಮಗುವಿನ ಮನೆಯಲ್ಲೇ ಗಣೇಶನ ಮುಂದೆ ಅಕ್ಕಿಯ ಮೇಲೆ ಬೆರಳಾಡಿಸಿ ಅಕ್ಷರಾಭ್ಯಾಸ ಮಾಡಿಸಿ, ಆಮೇಲೆ ಮಠಕ್ಕೆ ಕಳುಹಿಸುವ ವಾಡಿಕೆಯನ್ನು ಕ್ಯಾಂಪ್‌ಬೆಲ್ ವರ್ಣಿಸುತ್ತಾನೆ. ಮರಳಿನಲ್ಲಿ ಬೆರಳಿನಿಂದ ತಿದ್ದಿದ ಮಗು ಮುಂದೆ ಮಸಿ ಬಳಿದ ಹಲಗೆಯ ಮೇಲೂ, ಗಂಜಿಯಲ್ಲಿ ಗಡುಸಾಗಿಸಿ ಇದ್ದಿಲಿನ ಪುಡಿ ಲೇಪಿಸಿ ಮಡಿಕೆ ಮಾಡಿದ ಬಟ್ಟೆಯಾದ ಕಡತದ ಮೇಲೂ ಬಳಪದಿಂದ ಬರೆಯುತ್ತಿತ್ತು.

ಆ ವರದಿಯಲ್ಲಿ ಗಣಿತದ ದೃಷ್ಟಿಯಿಂದ ಮುಖ್ಯವಾದುದು ಭಿನ್ನರಾಶಿಗಳಿಗೆ ಸಂಬಂಧಿಸಿದ ಮಾತು. ಮಠಗಳಲ್ಲಿ ಭಿನ್ನರಾಶಿಗಳನ್ನು ಕಲಿಸಲು ಬಹಳ ಶ್ರಮ ವಹಿಸುತ್ತಿದ್ದರೆಂದೂ, ಅವು ದಶಾಂಶಗಳಂತೆ ಹತ್ತರ ಲೆಕ್ಕದಲ್ಲಿ ಇಳಿಯದೆ ನಾಲ್ಕರ ಲೆಕ್ಕದಲ್ಲಿ ಇಳಿಯುತ್ತಿದ್ದವೆಂದೂ, ಮಕ್ಕಳೆಲ್ಲ ದಿನಕ್ಕೆರಡು ಬಾರಿ ಸಾಲಾಗಿ ನಿಂತು ಹಿರಿಯ ವಿದ್ಯಾರ್ಥಿಯೊಬ್ಬ ಹೇಳಿಕೊಟ್ಟಂತೆ ಮಗ್ಗಿಗಳನ್ನೂ ಅಳತೆ, ತೂಕ, ಉದ್ದಗಳ ಕೋಷ್ಟಕಗಳನ್ನೂ ಒಕ್ಕೊರಲಿನಿಂದ ಹೇಳುತ್ತಿದ್ದರೆಂದೂ ಕ್ಯಾಂಪ್‌ಬೆಲ್ ಬರೆದಿದ್ದಾನೆ. ಮಗ್ಗಿಯೆಂದರೆ ಗುಣಾಕಾರದ ಕೋಷ್ಟಕ. ಆದರೆ ಅದು ಎರಡರಿಂದ ಆರಂಭವಾಗಿ ಮೇಲಕ್ಕೆ ಮಾತ್ರ ಹೋಗುತ್ತಿರಲಿಲ್ಲ. ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆಗಳಿಗೂ ಬೇರೆ ಬೇರೆ ಮಗ್ಗಿಗಳಿದ್ದವು. ಮುಂಬಯಿ ಪ್ರಾಂತದ ಮರಾಠಿ ಶಾಲೆಗಳಲ್ಲಿ ಇವನ್ನೇ ಪಾವಕಿ, ನಿಮಕಿ, ಪಾವುಣಕಿ, ಸವಾಯಕಿ, ದಿಡಕಿ ಎಂದು ಕರೆಯುತ್ತಿದ್ದರು.

ನಾಲ್ಕರ ಲೆಕ್ಕಕ್ಕೆ ಕಾರಣವಿತ್ತು. ಕನ್ನಡ ಶಾಸನಗಳಲ್ಲಿ ಕಾಣುವ ಹಾಗವು ಹಣವೆಂಬ ನಾಣ್ಯದ ಕಾಲು ಭಾಗ, ವೀಸವು ಹದಿನಾರನೆಯ ಒಂದು ಭಾಗ, ಕಾಣಿಯು ಅರವತ್ತನಾಲ್ಕನೆಯ ಒಂದು ಭಾಗ. ಮುಂದೆ ಕಂಪನಿ ಸರ್ಕಾರದ ರೂಪಾಯಿ ಬಂದಾಗ ಅದಕ್ಕೂ 16 ಆಣೆ, 64 ಪೈಸೆ. ಧಾನ್ಯ ಅಳೆಯುವ ಸೇರಿಗೆ 4 ಪಾವು, ಪಾವಿಗೆ 4 ಚಟಾಕು. ಹೀಗೆ ಹಣವೂ ಅಳತೆಯೂ ಒಂದೇ ಮೆಟ್ಟಿಲಲ್ಲಿ ಇಳಿಯುತ್ತಿದ್ದುದರಿಂದ ಕಾಗದ ಮುಟ್ಟದೆ ಮನಸ್ಸಿನಲ್ಲೇ ಮಾಡುವ ಬಾಯಿಲೆಕ್ಕಕ್ಕೆ ಸೊಗಸಾದ ದಾರಿಗಳು ದೊರೆತಿದ್ದವು. ಒಂದು ಸೇರಿಗೆ ಎಷ್ಟು ಆಣೆಯೋ ಒಂದು ಪಾವಿಗೆ ಅಷ್ಟೇ ಪೈಸೆ. ಒಂದು ಸೇರಿಗೆ ಎಷ್ಟು ರೂಪಾಯಿಯೋ ಒಂದು ಚಟಾಕಿಗೆ ಅಷ್ಟೇ ಆಣೆ. ಈ ಸೂತ್ರವನ್ನು ಬಲ್ಲ ಹುಡುಗನನ್ನು ಎಣ್ಣೆ ತರಲು ಅಂಗಡಿಗೆ ಕಳುಹಿಸಿದ ತಾಯಿ, ಅವನು ತಂದ ಚಿಲ್ಲರೆಯನ್ನು ಅದೇ ಸೂತ್ರದಿಂದ ಎಣಿಸಿ ನೋಡುತ್ತಿದ್ದಳು. ಮಠದ ಪಾಠ ಮತ್ತು ಮನೆಯ ಪರೀಕ್ಷೆ ಎರಡೂ ಒಂದೇ ವಿಷಯದ ಮೇಲೆ ನಡೆಯುತ್ತಿದ್ದವು.

ಮನೆಯಲ್ಲೇ ಕಲಿಯುವವರ ಸಂಖ್ಯೆಯೂ ಸಣ್ಣದಾಗಿರಲಿಲ್ಲ. ಮನ್ರೊಗೆ ಬಂದ ವರದಿಗಳಲ್ಲಿ ಮದರಾಸು ಪಟ್ಟಣದ ಲೆಕ್ಕವು ಖಾಸಗಿಯಾಗಿ ಕಲಿಯುವ ಮಕ್ಕಳನ್ನೂ ಎಣಿಸಿತ್ತು. ಅದರಲ್ಲಿ ಅಂಥವರ ಸಂಖ್ಯೆ 26 ಸಾವಿರವನ್ನು ಮೀರಿತ್ತು. ಆ ಅಂಕಿಯಲ್ಲಿ ತಪ್ಪಿರಬಹುದೆಂದು ಮನ್ರೊ ಅನುಮಾನಿಸಿದರೂ, ಬಂಧುಗಳಿಂದಲೋ ಮನೆಗೆ ಬರುವ ಗುರುಗಳಿಂದಲೋ ಮಕ್ಕಳು ಮನೆಯಲ್ಲಿ ಕಲಿಯುವುದು ನಾಡಿನ ಯಾವ ಭಾಗದಲ್ಲೂ ಅಪರೂಪವಲ್ಲವೆಂದು 1826ರ ತನ್ನ ಟಿಪ್ಪಣಿಯಲ್ಲಿ ಒಪ್ಪಿಕೊಂಡನು. ಇನ್ನೊಂದು ಕಡೆ, ಬಳ್ಳಾರಿಯ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಕೇವಲ 60. ಹೆಣ್ಣುಮಕ್ಕಳೂ, ಮಠದ ಬಾಗಿಲು ತೆರೆಯದ ಜಾತಿಗಳ ಮಕ್ಕಳೂ ಲೆಕ್ಕ ಕಲಿತಿದ್ದರೆ ಅದು ಮನೆಯಲ್ಲಿ ಮತ್ತು ಕಸುಬಿನ ಜಾಗದಲ್ಲಿಯೇ. ಆ ಕಾಲದ ಮನೆಯ ಕಲಿಕೆಯನ್ನು ಹೊಗಳುವವರು ಈ ಅನ್ಯಾಯವನ್ನು ಮರೆಯುವಂತಿಲ್ಲ. ಹಾಗೆಯೇ, ಆ ಅನ್ಯಾಯದ ನಡುವೆಯೂ ಮನೆಗಳು ಉಳಿಸಿಕೊಂಡ ಜ್ಞಾನವನ್ನು ಕಡೆಗಣಿಸುವಂತೆಯೂ ಇಲ್ಲ. ನೇಕಾರನ ಮನೆಯ ಮಗು ಹಾಸಿನ ಎಳೆಗಳನ್ನು ಎಣಿಸಿ ಎಣಿಕೆ ಕಲಿಯುತ್ತಿತ್ತು. ಬಡಗಿಯ ಮಗು ಹನ್ನೆರಡು ಅಂಗುಲಕ್ಕೆ ಒಂದು ಗೇಣು, ಎರಡು ಗೇಣಿಗೆ ಒಂದು ಮೊಳ ಎಂಬ ಮಾನವನ್ನು ತನ್ನ ಕೈಯಿಂದಲೇ ಅಳೆದು ತಿಳಿಯುತ್ತಿತ್ತು. ಒಕ್ಕಲಿನ ಮಗು ಕಣದಲ್ಲಿ ರಾಶಿ ಅಳೆಯುವಾಗ ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂದು ಎಣಿಸುತ್ತಿತ್ತು.

ತಾಯಂದಿರ ಗಣಿತಕ್ಕೆ ಬೇರೆಯೇ ನೆಲೆಗಳಿದ್ದವು. ಬೆರಳಿನ ಗಣ್ಣುಗಳ ಮೇಲೆ ಹೆಬ್ಬೆರಳನ್ನು ಸರಿಸುತ್ತ ಹೋದರೆ ನಾಲ್ಕು ಬೆರಳುಗಳಲ್ಲಿ ಹನ್ನೆರಡರವರೆಗೆ ಎಣಿಸಬಹುದು. ತಿಂಗಳುಗಳೂ ತಿಥಿಗಳೂ ಹೀಗೆಯೇ ಎಣಿಕೆಗೆ ಬರುತ್ತಿದ್ದವು. ನಡುವಿನ ಸಾಲಿಗೆ ಏಳು ಚುಕ್ಕಿಯಿಟ್ಟು, ಮೇಲೆ ಕೆಳಗೆ ಒಂದೊಂದೇ ಕಡಿಮೆ ಮಾಡುತ್ತ ಒಂದಕ್ಕೆ ಇಳಿಸುವ ರಂಗೋಲಿಯಲ್ಲಿ ಒಟ್ಟು ಚುಕ್ಕಿಗಳು 49, ಅಂದರೆ ಏಳರ ವರ್ಗ. ಐದರಿಂದ ಇಳಿಸಿದರೆ 25. ಚುಕ್ಕಿ ತಪ್ಪಿದರೆ ಎಳೆ ಕೂಡುವುದಿಲ್ಲವಾದ್ದರಿಂದ ಎಣಿಕೆಯ ತಪ್ಪನ್ನು ರಂಗೋಲಿಯೇ ತೋರಿಸಿಕೊಡುತ್ತಿತ್ತು. ಎರಡು ಸಾಲುಗಳಲ್ಲಿ ಹದಿನಾಲ್ಕು ಗುಳಿಗಳಿರುವ ಅಳಗುಳಿಮಣೆ, ತುಳುನಾಡಿನಲ್ಲಿ ಚೆನ್ನೆಮಣೆ, ಹುಣಸೆಬೀಜವನ್ನೋ ಮಂಜೊಟ್ಟಿಯನ್ನೋ ಒಂದೊಂದಾಗಿ ಹಂಚುತ್ತ ಕೊನೆಯ ಕಾಳು ಯಾವ ಗುಳಿಗೆ ಬೀಳುವುದೆಂದು ಮೊದಲೇ ಲೆಕ್ಕ ಹಾಕುವವನಿಗೆ ಗೆಲುವು ತರುವ ಆಟ. ಚೌಕಾಬಾರದಲ್ಲಿ ನಾಲ್ಕು ಕವಡೆಗಳು ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು. ಅಜ್ಜಿಯ ಜೊತೆ ಈ ಆಟಗಳನ್ನಾಡಿದ ಮಗು ಕೂಡುವುದು, ಕಳೆಯುವುದು, ಮುಂದಾಲೋಚಿಸುವುದು ಇವೆಲ್ಲವನ್ನೂ ಪಾಠವೆಂಬ ಭಯವಿಲ್ಲದೆ ಕಲಿಯುತ್ತಿತ್ತು.

ಮೈಸೂರು ಸಂಸ್ಥಾನದಲ್ಲಿ 1857ರಲ್ಲಿ ವಿದ್ಯಾ ಇಲಾಖೆ ಆರಂಭವಾಗಿ, 1868ರಲ್ಲಿ ಬಿ. ಎಲ್. ರೈಸ್ ರೂಪಿಸಿದ ಹೋಬಳಿ ಶಾಲೆಗಳ ಯೋಜನೆ ಜಾರಿಗೆ ಬಂದು, 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ರೂಪುಗೊಂಡಿತು. ಮುಂಬಯಿ ಕರ್ನಾಟಕದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಶ್ರಮಿಸಿದರು. ಅಚ್ಚಾದ ಪಠ್ಯಪುಸ್ತಕ, ಸ್ಲೇಟು, ತರಗತಿ, ಪರೀಕ್ಷೆಗಳು ಬಂದು, ಮಠದ ಬಾಗಿಲು ಮುಚ್ಚಿದ್ದವರಿಗೂ ಶಾಲೆ ಕ್ರಮೇಣ ತೆರೆಯಿತು; ಇದು ಚರಿತ್ರೆಯ ದೊಡ್ಡ ಲಾಭ. ಆದರೂ ಮಗ್ಗಿ ಮನೆ ಬಿಟ್ಟು ಹೋಗಲಿಲ್ಲ. ಸಂಜೆ ದೀಪ ಹಚ್ಚಿ ಕೈಕಾಲು ತೊಳೆದು ಕುಳಿತ ಮಕ್ಕಳು ಶ್ಲೋಕವನ್ನೋ ವಚನವನ್ನೋ ಹೇಳಿದ ಮೇಲೆ 'ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು' ಎಂದು ಬಾಯಿಪಾಠ ಒಪ್ಪಿಸುವ ರೂಢಿ 20ನೆಯ ಶತಮಾನದಲ್ಲೂ ಮುಂದುವರಿಯಿತು. ಅಂಕಲಿಪಿ ಮತ್ತು ಮಗ್ಗಿ ಪುಸ್ತಕಗಳು ಊರ ಅಂಗಡಿಗಳಲ್ಲಿ ಪಂಚಾಂಗದ ಪಕ್ಕದಲ್ಲೇ ಮಾರಾಟವಾಗುತ್ತಿದ್ದವು.

ನಿಜವಾದ ಬಿರುಕು ಬಿಟ್ಟದ್ದು ಸ್ವಾತಂತ್ರ್ಯಾನಂತರದ ಮಾನ ಸುಧಾರಣೆಯಿಂದ. 1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯಾಪೈಸೆಯ ದಶಮಾನ ನಾಣ್ಯ ಜಾರಿಗೆ ಬಂದಿತು. 1956ರ ತೂಕ ಮತ್ತು ಅಳತೆಗಳ ಕಾಯಿದೆಯಂತೆ ಮುಂದಿನ ಕೆಲವು ವರ್ಷಗಳಲ್ಲಿ ಸೇರು, ಮಣಗಳ ಸ್ಥಾನವನ್ನು ಲೀಟರು, ಕಿಲೋಗ್ರಾಂಗಳು ಹಂತಹಂತವಾಗಿ ಪಡೆದವು. ದೇಶಕ್ಕೆ ಒಂದೇ ಮಾನ ಬೇಕಾಗಿತ್ತು, ದಶಮಾನದಿಂದ ಬರವಣಿಗೆಯ ಲೆಕ್ಕ ಸುಲಭವಾಯಿತು ಎಂಬುದು ನಿರ್ವಿವಾದ. ಆದರೆ ಒಂದು ಆಣೆಗೆ ಆರೂಕಾಲು ನಯಾಪೈಸೆಯೆಂದಾದಾಗ ಸೇರು, ಪಾವು, ಆಣೆಗಳನ್ನು ಬೆಸೆದಿದ್ದ ಬಾಯಿಲೆಕ್ಕದ ಸೂತ್ರಗಳೆಲ್ಲ ಒಮ್ಮೆಲೇ ಬಳಕೆ ತಪ್ಪಿದವು. ಕಾಲು, ಮುಕ್ಕಾಲಿನ ಮಗ್ಗಿಗಳು ಪಠ್ಯದಿಂದ ಮರೆಯಾದವು. ತಂದೆತಾಯಿ ಚಟಾಕಿನಲ್ಲಿ ಯೋಚಿಸುತ್ತಿದ್ದರೆ ಮಗು ಗ್ರಾಂನಲ್ಲಿ ಬರೆಯುತ್ತಿತ್ತು. ಮನೆಯ ಹಿರಿಯರು ಲೆಕ್ಕದಲ್ಲಿ ನುರಿತವರಾಗಿದ್ದೂ ಮಗುವಿನ ಪುಸ್ತಕಕ್ಕೆ ಅಪರಿಚಿತರಾದರು.

ಅನಂತರದ ದಶಕಗಳಲ್ಲಿ ಇಂಗ್ಲಿಷ್ ಮಾಧ್ಯಮ ಹರಡಿದಂತೆ ಈ ಅಂತರಕ್ಕೆ ಭಾಷೆಯ ಅಂತರವೂ ಸೇರಿತು. ಕನ್ನಡದಲ್ಲಿ ಮಗ್ಗಿ ಕಲಿತ ತಾಯಿ ಇಂಗ್ಲಿಷಿನ 'ಟೇಬಲ್ಸ್' ಒಪ್ಪಿಸುವ ಮಗುವಿನ ಮುಂದೆ ಹಿಂಜರಿದು, ಆ ಹೊಣೆಯನ್ನು ಟ್ಯೂಷನ್ ಹೇಳುವವರಿಗೆ ಬಿಟ್ಟಳು. ಮನೆಯ ನೆರವು ಎಷ್ಟು ಅಗತ್ಯವೆಂಬುದು ಮತ್ತೆ ಎದ್ದು ಕಂಡದ್ದು 2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ. ಕರ್ನಾಟಕದಲ್ಲಿ ಶಿಕ್ಷಕರು 'ವಿದ್ಯಾಗಮ' ಯೋಜನೆಯಲ್ಲಿ ಊರ ಜಗಲಿ, ದೇವಸ್ಥಾನದ ಅಂಗಳಗಳಿಗೆ ಹೋಗಿ ಮಕ್ಕಳಿಗೆ ಕಲಿಸಿದರು. ಅದೇ ವರ್ಷ ದೇಶದ ಗ್ರಾಮಾಂತರ ಪ್ರದೇಶಗಳಲ್ಲಿ ದೂರವಾಣಿಯ ಮೂಲಕ ನಡೆದ 'ಅಸರ್' ಸಮೀಕ್ಷೆಯು, ಶಾಲೆಗೆ ದಾಖಲಾದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿಗೆ ಮನೆಯವರಿಂದ ಕಲಿಕೆಯಲ್ಲಿ ಒಂದಲ್ಲ ಒಂದು ಬಗೆಯ ನೆರವು ದೊರೆಯುತ್ತಿದೆಯೆಂದು ಕಂಡುಕೊಂಡಿತು.

ಈ ಚರಿತ್ರೆಯಿಂದ ಹೊರಡುವ ತೀರ್ಮಾನ ಸ್ಪಷ್ಟವಾಗಿದೆ. ಹಳೆಯ ಮಾನಗಳನ್ನು ಮರಳಿ ತರಬೇಕಿಲ್ಲ, ಅರ್ಥವಾಗದ ಬಾಯಿಪಾಠಕ್ಕೆ ಹಿಂತಿರುಗಬೇಕಾಗಿಯೂ ಇಲ್ಲ. ಮನೆಯವರು ನಿತ್ಯ ಮಾಡುವ ಲೆಕ್ಕವೂ ಮಗು ಪುಸ್ತಕದಲ್ಲಿ ಮಾಡುವ ಲೆಕ್ಕವೂ ಒಂದೇ ಎಂಬ ಅರಿವು ಮಾತ್ರ ಮರಳಬೇಕು. ಕಾಲು ಕಿಲೋ ಬೇಳೆಯ ಬೆಲೆ, ಹಾಲಿನವನ ತಿಂಗಳ ಲೆಕ್ಕ, ಸಂಘದ ಸಾಲದ ಬಡ್ಡಿ, ಎಕರೆಗೆ ನಲವತ್ತು ಗುಂಟೆಯ ಹೊಲದಲ್ಲಿ ಅಣ್ಣತಮ್ಮಂದಿರ ಪಾಲು, ಇವೆಲ್ಲ ಇಂದಿಗೂ ಕನ್ನಡದ ಮನೆಗಳಲ್ಲಿ ನಡೆಯುವ ಗಣಿತವೇ. ಶಾಲೆಗಳು ಪೋಷಕರ ಈ ಬಲ್ಲತನವನ್ನು ಗೌರವಿಸಿ ಪಾಠದೊಳಗೆ ಬರಮಾಡಿಕೊಳ್ಳಬೇಕು; ತಂದೆತಾಯಿಗಳು ತಮಗೆ ಗಣಿತ ಬಾರದೆಂಬ ಮಾತನ್ನು ಬಿಟ್ಟು, ತಾವು ಬಲ್ಲ ಲೆಕ್ಕವನ್ನು ತಮ್ಮ ನುಡಿಯಲ್ಲೇ ಮಕ್ಕಳ ಕೂಡೆ ದಿನವೂ ಮಾಡಬೇಕು.