ಡೆಲ್ಫ್ಟ್‌ನ ಬಟ್ಟೆ ವ್ಯಾಪಾರಿಯ ಭೂತಗನ್ನಡಿ

ವಿಜ್ಞಾನ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ದೊಡ್ಡ ಪ್ರಯೋಗಾಲಯ, ಬಿಳಿ ಕೋಟು, ಹೆಸರಿನ ಹಿಂದೆಮುಂದೆ ಸಾಲುಗಟ್ಟಿದ ಪದವಿಗಳು. ಮನೆಯ ಮೂಲೆಯಲ್ಲಿ ಹಳೆಯ ರೇಡಿಯೋ ಬಿಚ್ಚಿಕೊಂಡು ಕುಳಿತ ಹುಡುಗನಿಗೆ ನಾವು ಹೇಳುವ ಮೊದಲ ಮಾತು, 'ಅದನ್ನು ಅತ್ತ ಇಟ್ಟು ಪಾಠ ಓದು' ಎಂದೇ. ಆದರೆ ಬ್ಯಾಕ್ಟೀರಿಯಾಗಳನ್ನು ಜಗತ್ತಿನಲ್ಲಿ ಮೊತ್ತಮೊದಲು ಕಂಡ ವ್ಯಕ್ತಿ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದವನಲ್ಲ. ಆತ ಹಾಲೆಂಡಿನ ಡೆಲ್ಫ್ಟ್ ಎಂಬ ಪಟ್ಟಣದ ಒಬ್ಬ ಬಟ್ಟೆ ವ್ಯಾಪಾರಿ. ಹೆಸರು ಆಂಟನಿ ವಾನ್ ಲೀವೆನ್‌ಹುಕ್. ತನ್ನ ಮನೆಯ ಕೋಣೆಯಲ್ಲಿ ಕುಳಿತು, ಹೊಟ್ಟೆಪಾಡಿನ ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಆತ ಮಾಡಿದ್ದನ್ನು ಇಂದಿನ ಭಾಷೆಯಲ್ಲಿ ಹವ್ಯಾಸ ಎನ್ನಬೇಕು.

1632ರಲ್ಲಿ ಹುಟ್ಟಿದ ಈತನ ತಂದೆ ಬುಟ್ಟಿ ಹೆಣೆಯುವವರು. ಮಗ ಇನ್ನೂ ಚಿಕ್ಕವನಿರುವಾಗಲೇ ತೀರಿಕೊಂಡರು. ಹದಿನಾರರ ಪ್ರಾಯದಲ್ಲಿ ಹುಡುಗ ಆಮ್‌ಸ್ಟರ್‌ಡ್ಯಾಮಿನ ಜವಳಿ ಅಂಗಡಿಯೊಂದಕ್ಕೆ ಕೆಲಸ ಕಲಿಯಲು ಹೋದ. 1654ರಲ್ಲಿ ಊರಿಗೆ ಮರಳಿ ಮದುವೆಯಾಗಿ, ಸ್ವಂತ ಅಂಗಡಿ ತೆರೆದ. 1660ರಿಂದ ನಗರಾಡಳಿತದ ಕಚೇರಿಯಲ್ಲೂ ಸಣ್ಣದೊಂದು ಹುದ್ದೆ ಸಿಕ್ಕಿತು. 1669ರಲ್ಲಿ ಭೂಮಾಪನದ ಪರೀಕ್ಷೆ ಪಾಸಾದ. ಪ್ರಸಿದ್ಧ ಚಿತ್ರಕಾರ ವರ್ಮೀರ್ ಕೂಡಾ ಇದೇ ಊರಿನವನು, ಅದೇ ವರ್ಷ ಹುಟ್ಟಿದವನು. ಸಾಲ ಬಿಟ್ಟು ಸತ್ತ ವರ್ಮೀರನ ಆಸ್ತಿಯ ಲೆಕ್ಕಾಚಾರ ನೋಡಿಕೊಳ್ಳಲು 1676ರಲ್ಲಿ ನೇಮಕಗೊಂಡವನು ಈ ಬಟ್ಟೆ ವ್ಯಾಪಾರಿಯೇ! ಮನೆಯೊಳಗೆ ಮಾತ್ರ ದುಃಖಕ್ಕೆ ಕೊರತೆಯಿರಲಿಲ್ಲ. ಐದು ಮಕ್ಕಳಲ್ಲಿ ಬದುಕುಳಿದವಳು ಮಾರಿಯಾ ಒಬ್ಬಳೇ. ಆಕೆ ಮದುವೆಯಾಗದೆ ತಂದೆಯ ಕೊನೆಯವರೆಗೂ ಜೊತೆಗಿದ್ದಳು.

ಬಟ್ಟೆಯ ನೂಲು ಎಷ್ಟು ಒತ್ತಾಗಿದೆ ಎಂದು ನೋಡಲು ಅಂದಿನ ಜವಳಿ ವ್ಯಾಪಾರಿಗಳು ಭೂತಗನ್ನಡಿ ಬಳಸುತ್ತಿದ್ದರು. ಅಲ್ಲಿಂದ ಈತನಿಗೆ ಮಸೂರದ ಗೀಳು ಹಿಡಿಯಿತು. ಎರಡು ಮಸೂರಗಳಿರುವ ಸೂಕ್ಷ್ಮದರ್ಶಕ ಅಷ್ಟರಲ್ಲಾಗಲೇ ಬಳಕೆಯಲ್ಲಿತ್ತು. ಆದರೆ ಅದರಲ್ಲಿ ನೋಟ ಮಸುಕಾಗುತ್ತಿತ್ತು, ವಸ್ತುವಿನ ಅಂಚಿನಲ್ಲಿ ಬಣ್ಣದ ಗೆರೆಗಳು ಮೂಡುತ್ತಿದ್ದವು. ಲೀವೆನ್‌ಹುಕ್ ಒಂದೇ ಮಸೂರವನ್ನು ನೆಚ್ಚಿಕೊಂಡ. ಹಿತ್ತಾಳೆಯ ಎರಡು ತೆಳ್ಳಗಿನ ತಗಡು, ಅವುಗಳ ನಡುವೆ ಸಾಸಿವೆಗಿಂತ ಹೆಚ್ಚೇನೂ ದೊಡ್ಡದಲ್ಲದ ಮಸೂರ, ಹಿಂಬದಿಯಲ್ಲಿ ಒಂದು ಸೂಜಿ, ಸೂಜಿಯನ್ನು ಮೇಲೆ ಕೆಳಗೆ ಸರಿಸಲು ತಿರುಪು. ಇಡೀ ಉಪಕರಣ ಅಂಗೈಯಲ್ಲಿ ಅಡಗುತ್ತಿತ್ತು. ಅದನ್ನು ಕಣ್ಣಿಗೆ ಒತ್ತಿಕೊಂಡಂತೆ ಹಿಡಿದು ಬೆಳಕಿನತ್ತ ನೋಡಬೇಕು. ಹೀಗೆ ಗಂಟೆಗಟ್ಟಲೆ ನೋಡುವುದು ಎಂತಹ ತಾಳ್ಮೆಯ ಕೆಲಸ ಎಂಬುದನ್ನು ನಾವು ಊಹಿಸಿಕೊಳ್ಳಬಹುದು. ಉಳಿದುಬಂದಿರುವ ಇಂತಹ ಉಪಕರಣಗಳಲ್ಲಿ ಅತ್ಯಂತ ಶಕ್ತಿಶಾಲಿಯಾದುದು ಉಟ್ರೆಕ್ಟ್ ನಗರದಲ್ಲಿದೆ. ಅದು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಒಂದು ವಸ್ತುವನ್ನು ಸೂಜಿಗೆ ಅಂಟಿಸಿದ ಮೇಲೆ ಅನೇಕ ಬಾರಿ ಅದನ್ನು ತೆಗೆಯುತ್ತಲೇ ಇರಲಿಲ್ಲ, ಮತ್ತೊಂದು ವಸ್ತುವಿಗೆ ಮತ್ತೊಂದು ಉಪಕರಣ! ಹೀಗೆ ಜೀವಮಾನದಲ್ಲಿ ಆತ ಮಾಡಿದ ಮಸೂರಗಳ ಸಂಖ್ಯೆ 500ನ್ನು ದಾಟುತ್ತದೆ.

ನೋಡಿದ್ದಾದರೂ ಏನನ್ನು? ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ. ಜೇನ್ನೊಣದ ಮುಳ್ಳು, ಬೂಸ್ಟು, ಕೂದಲು, ರಕ್ತ, ಸ್ವಂತ ಹಲ್ಲಿನ ಪಾಚಿ. ಹೇನು ಎಷ್ಟು ಬೇಗ ಸಂತಾನ ಹೆಚ್ಚಿಸಿಕೊಳ್ಳುತ್ತದೆ ಎಂದು ತಿಳಿಯಲು ಎರಡು ಹೆಣ್ಣು ಹೇನುಗಳನ್ನು ತನ್ನದೇ ಕಾಲುಚೀಲದೊಳಗೆ ಬಿಟ್ಟು, ಅದನ್ನು ದಿನಗಟ್ಟಲೆ ಬಿಚ್ಚದೆ ತೊಟ್ಟುಕೊಂಡು, ಆಮೇಲೆ ಮೊಟ್ಟೆಗಳನ್ನು ಎಣಿಸಿದ. ಮನೆಯವರು ಇದನ್ನು ಹೇಗೆ ಸಹಿಸಿಕೊಂಡರೋ! ಗೋಧಿಗೆ ಬೀಳುವ ಹುಳು ಗೋಧಿಯಿಂದಲೇ ತಾನಾಗಿ ಹುಟ್ಟುತ್ತದೆ ಎಂದು ವಿದ್ವಾಂಸರೂ ನಂಬಿದ್ದ ಕಾಲವದು. ಅದು ಮೊಟ್ಟೆಯಿಂದಲೇ ಬರುತ್ತದೆ ಎಂದು ಈತ ಕಣ್ಣಾರೆ ಕಂಡು ಬರೆದ. ಆತ ದಿನವೂ ಬೆಳಿಗ್ಗೆ ಉಪ್ಪಿನಿಂದ ಹಲ್ಲುಜ್ಜುತ್ತಿದ್ದ. ಆದರೂ ಹಲ್ಲಿನ ಸಂದಿಯಲ್ಲಿ ಉಳಿದ ಬಿಳಿಯ ಪದಾರ್ಥದಲ್ಲಿ ಜೀವಿಗಳು ಕಿಕ್ಕಿರಿದು ಓಡಾಡುತ್ತಿದ್ದವು. 1683ರ ಪತ್ರದಲ್ಲಿ ಆ ಜೀವಿಗಳ ವರ್ಣನೆಯಿದೆ. ಚಿತ್ರ ಬಿಡಿಸುವ ಕೈ ತನಗಿಲ್ಲವೆಂದು ಅದಕ್ಕಾಗಿ ಚಿತ್ರಕಾರರನ್ನು ಇಟ್ಟುಕೊಂಡಿದ್ದ. ಸೂಕ್ಷ್ಮಜೀವಿಗಳನ್ನು ಅಳೆಯಲು ಮರಳಿನ ಕಣ, ಹೇನಿನ ಕಣ್ಣು, ತಲೆಕೂದಲು ಇವೇ ಅವನ ಅಳತೆಗೋಲು. ಭೂಮಾಪನ ಕಲಿತದ್ದು ವ್ಯರ್ಥವಾಗಲಿಲ್ಲ.

ಎಲ್ಲಕ್ಕಿಂತ ದೊಡ್ಡ ಶೋಧಕ್ಕೆ ಕಾರಣವಾದದ್ದು ನಮ್ಮ ಅಡುಗೆಮನೆಯ ಕಾಳುಮೆಣಸು. ಮಲಬಾರ್ ಕರಾವಳಿಯಿಂದಲೂ ಜಾವಾ, ಸುಮಾತ್ರಾಗಳಿಂದಲೂ ಡಚ್ ಈಸ್ಟ್ ಇಂಡಿಯಾ ಕಂಪೆನಿ ಯುರೋಪಿಗೆ ಹಡಗುಗಟ್ಟಲೆ ಮೆಣಸು ಸಾಗಿಸುತ್ತಿತ್ತು. 1663ರಲ್ಲಿ ಕೊಚ್ಚಿಯನ್ನು ಪೋರ್ಚುಗೀಸರಿಂದ ಕಿತ್ತುಕೊಂಡದ್ದೂ ಈ ಮೆಣಸಿಗಾಗಿಯೇ. ಡೆಲ್ಫ್ಟ್ ಪಟ್ಟಣದಲ್ಲೂ ಕಂಪೆನಿಯ ಒಂದು ಶಾಖೆಯಿತ್ತು. ಮೆಣಸಿಗೆ ಖಾರ ಎಲ್ಲಿಂದ ಬಂತು ಎಂಬ ಪ್ರಶ್ನೆ ಲೀವೆನ್‌ಹುಕ್‌ನನ್ನು ಕಾಡಿತು. ಕಾಳುಗಳನ್ನು ನೀರಿನಲ್ಲಿ ನೆನೆಹಾಕಿ ಸುಮಾರು ಮೂರು ವಾರ ಬಿಟ್ಟ. 1676ರ ಏಪ್ರಿಲ್‌ನಲ್ಲಿ ಆ ನೀರಿನ ಹನಿಯನ್ನು ನೋಡಿದಾಗ ಖಾರದ ಗುಟ್ಟು ಸಿಗಲಿಲ್ಲ. ಅದರೊಳಗೆ ಲೆಕ್ಕವಿಲ್ಲದಷ್ಟು ಜೀವಿಗಳು ಚಲಿಸುತ್ತಿದ್ದವು. ಅತಿ ಚಿಕ್ಕವು ಎಷ್ಟು ಚಿಕ್ಕವೆಂದರೆ ನೂರನ್ನು ಸಾಲಾಗಿ ಜೋಡಿಸಿದರೂ ಒಂದು ದಪ್ಪ ಮರಳಿನ ಕಣದ ಉದ್ದಕ್ಕೆ ಸಾಲವು ಎಂದು ಆತ ಅಂದಾಜಿಸಿದ. ಮನುಷ್ಯ ಬ್ಯಾಕ್ಟೀರಿಯಾವನ್ನು ಕಂಡದ್ದು ಹೀಗೆ.

ಇದನ್ನು ಹೇಳಬೇಕಾದದ್ದು ಯಾರಿಗೆ? ಡೆಲ್ಫ್ಟ್‌ನ ವೈದ್ಯ ರೆನಿಯರ್ ಡಿ ಗ್ರಾಫ್ 1673ರಲ್ಲೇ ಈತನನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಪರಿಚಯಿಸಿದ್ದ. ಅಂದಿನ ವಿದ್ವತ್ತಿನ ಭಾಷೆ ಲ್ಯಾಟಿನ್. ನಮ್ಮ ಬಟ್ಟೆ ವ್ಯಾಪಾರಿಗೆ ಗೊತ್ತಿದ್ದದ್ದು ಡಚ್ ಒಂದೇ. ಅಳುಕದೆ ತನ್ನ ಮಾತೃಭಾಷೆಯಲ್ಲೇ, ನೆರೆಮನೆಯವನಿಗೆ ಹೇಳುವ ಧಾಟಿಯಲ್ಲಿ ಐವತ್ತು ವರ್ಷ ಪತ್ರ ಬರೆದ. ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದ. ಭಾಷೆ ಬಾರದವನೆಂದು ಪತ್ರವನ್ನು ಕಸದಬುಟ್ಟಿಗೆ ಹಾಕದ ಆ ಸಂಪಾದಕನ ದೊಡ್ಡತನವನ್ನೂ ನಾವು ಮರೆಯಬಾರದು.

ಇಲ್ಲಿ ಒಂದು ಮಾತು. ದೃಷ್ಟಿ ಮತ್ತು ಬೆಳಕಿನ ಬಗ್ಗೆ ಪ್ರಯೋಗ ನಡೆಸಿ ಬರೆದ ಬಸ್ರಾದ ಇಬ್ನುಲ್ ಹೈಸಮ್ ಅವರ 'ಕಿತಾಬುಲ್ ಮನಾಝಿರ್' 11ನೇ ಶತಮಾನದ್ದು. ಅದರ ಲ್ಯಾಟಿನ್ ಅನುವಾದ 1572ರಲ್ಲಿ ಬಾಸೆಲ್‌ನಲ್ಲಿ ಅಚ್ಚಾಯಿತು. ಯುರೋಪಿನ ದೃಗ್ವಿಜ್ಞಾನದ ಮೇಲೆ ಅದರ ಪ್ರಭಾವ ಎಲ್ಲರೂ ಒಪ್ಪುವಂತಹದು. ಆದರೆ ಲೀವೆನ್‌ಹುಕ್‌ನ ಮಸೂರವನ್ನೂ ಆ ಖಾತೆಗೆ ಜಮಾ ಮಾಡುವ ಉತ್ಸಾಹ ನಮಗೆ ಬೇಡ. ಲ್ಯಾಟಿನ್ ಬಾರದ ಆತ ಆ ಗ್ರಂಥವನ್ನು ಓದಿದವನಲ್ಲ. ಇಬ್ಬರನ್ನೂ ಹತ್ತಿರ ತರುವ ಸಂಗತಿ ಬೇರೆಯೇ ಇದೆ. ಹಿಂದಿನವರು ಹೇಳಿದ್ದನ್ನು ಪರೀಕ್ಷಿಸದೆ ಒಪ್ಪಲು ಇಬ್ಬರೂ ಸಿದ್ಧರಿರಲಿಲ್ಲ.

ಲಂಡನ್ನಿನವರೂ ಪರೀಕ್ಷಿಸದೆ ಒಪ್ಪಲಿಲ್ಲ. ಮೆಣಸಿನ ನೀರಿನ ಕತೆಯನ್ನು ಅವರು ಸಂಶಯದಿಂದಲೇ ಕಂಡರು. ಪಾದ್ರಿಗಳೂ ಒಬ್ಬ ನೋಟರಿಯೂ ಸೇರಿದಂತೆ ಎಂಟು ಮಂದಿಗೆ ತನ್ನ ಜೀವಿಗಳನ್ನು ತೋರಿಸಿ, ಅವರ ಸಾಕ್ಷ್ಯವನ್ನು ಬರಹದಲ್ಲಿ ಪಡೆದು ಲೀವೆನ್‌ಹುಕ್ ಕಳುಹಿಸಿದ. 1677ರ ನವೆಂಬರ್‌ನಲ್ಲಿ ರಾಬರ್ಟ್ ಹುಕ್ ತಾನೇ ಮೆಣಸು ನೆನೆಹಾಕಿ, ಮಸೂರ ತಯಾರಿಸಿ, ಸೊಸೈಟಿಯ ಸಭೆಯಲ್ಲಿ ಆ ಜೀವಿಗಳನ್ನು ತೋರಿಸಿದ ಮೇಲೆಯೇ ಸಂಶಯ ತೀರಿತು. 1680ರಲ್ಲಿ ಬಟ್ಟೆ ವ್ಯಾಪಾರಿ ಸೊಸೈಟಿಯ ಸದಸ್ಯನಾದ. 1698ರಲ್ಲಿ ರಷ್ಯದ ಚಕ್ರವರ್ತಿ ಪೀಟರ್ ಡೆಲ್ಫ್ಟ್‌ಗೆ ಬಂದಾಗ ಈತನನ್ನು ತನ್ನ ದೋಣಿಗೆ ಕರೆಸಿಕೊಂಡು, ಹಾವುಮೀನಿನ ಬಾಲದಲ್ಲಿ ರಕ್ತ ಹರಿಯುವುದನ್ನು ನೋಡಿದ.

ಇಷ್ಟೆಲ್ಲ ಇದ್ದೂ ಒಂದು ವಿಷಯದಲ್ಲಿ ಆತ ಜಿಪುಣ. ಮಸೂರ ಮಾಡುವ ವಿಧಾನವನ್ನು ಯಾರಿಗೂ ಹೇಳಲಿಲ್ಲ. 1685ರಲ್ಲಿ ಭೇಟಿಗೆ ಬಂದ ಥಾಮಸ್ ಮೊಲಿನೋ ಎಂಬವನಿಗೆ ಸಾಧಾರಣ ಮಸೂರಗಳನ್ನಷ್ಟೇ ತೋರಿಸಿದ. ಉತ್ತಮವಾದವು ತನ್ನೊಬ್ಬನ ಕಣ್ಣಿಗೆ ಮೀಸಲು. ಯುವಕರಿಗೆ ಈ ವಿದ್ಯೆಯನ್ನು ಕಲಿಸಬಾರದೇಕೆ ಎಂದು ತತ್ವಜ್ಞಾನಿ ಲೈಬ್ನಿಟ್ಸ್ ಕೇಳಿದಾಗಲೂ ನಿರಾಕರಿಸಿದ. ಹಣಕ್ಕಾಗಿ, ಹೆಸರಿಗಾಗಿ ಕಲಿಯುವವರ ಬಗ್ಗೆ ಅವನಿಗೆ ವಿಶ್ವಾಸವಿರಲಿಲ್ಲ. ಆ ಅಪನಂಬಿಕೆಗೆ ಕಾರಣಗಳಿರಬಹುದು. ಆದರೆ ಅದರ ಬೆಲೆ ತೆತ್ತವರು ಮುಂದಿನ ತಲೆಮಾರಿನವರು ಎಂದೇ ನಮಗನಿಸುತ್ತದೆ. 1723ರಲ್ಲಿ, 90ನೇ ವಯಸ್ಸಿನಲ್ಲಿ ಆತ ತೀರಿಕೊಂಡ ಬಳಿಕ ಆ ಜೀವಿಗಳ ಅಧ್ಯಯನ ನೂರು ವರ್ಷಕ್ಕೂ ಹೆಚ್ಚು ಕಾಲ ಕುಂಟಿತು. ಅವುಗಳಿಗೂ ರೋಗಗಳಿಗೂ ಇರುವ ಸಂಬಂಧ ಸ್ಪಷ್ಟವಾಗಲು ಪಾಶ್ಚರ್ ಮತ್ತು ಕಾಕ್ ಬರಬೇಕಾಯಿತು. ಕಾಕ್ ಕ್ಷಯದ ಬ್ಯಾಕ್ಟೀರಿಯಾವನ್ನು ಗುರುತಿಸಿದ್ದು 1882ರಲ್ಲಿ.

ಲೀವೆನ್‌ಹುಕ್ ಸಾಯುವ ಮುನ್ನ ಬೆಳ್ಳಿಯ 26 ಸೂಕ್ಷ್ಮದರ್ಶಕಗಳನ್ನು ರಾಯಲ್ ಸೊಸೈಟಿಗೆಂದು ತೆಗೆದಿರಿಸಿದ್ದ, ಮಾರಿಯಾ ಅವನ್ನು ಕಳುಹಿಸಿಕೊಟ್ಟಳು. 19ನೇ ಶತಮಾನದಲ್ಲಿ ಅವು ಕಳೆದುಹೋದವು. ಉಳಿದವು ಮಗಳ ಮರಣಾನಂತರ 1747ರಲ್ಲಿ ಹರಾಜಾಗಿ ಚದುರಿದವು. ಇಂದು ಹತ್ತು ಹನ್ನೊಂದು ಮಾತ್ರ ಉಳಿದಿವೆ. ಅವನ್ನು ಬಿಚ್ಚಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಡಚ್ ಸಂಶೋಧಕರು ನ್ಯೂಟ್ರಾನ್ ಕಿರಣ ಹಾಯಿಸಿ, ತಗಡಿನ ಒಳಗಿರುವ ಮಸೂರದ ಆಕಾರವನ್ನು ಪತ್ತೆಹಚ್ಚಿ 2021ರಲ್ಲಿ ಪ್ರಕಟಿಸಿದರು. ಉಟ್ರೆಕ್ಟ್‌ನಲ್ಲಿರುವ ಆ 270 ಪಟ್ಟಿನ ಮಸೂರ ಉಜ್ಜಿ ಮಾಡಿದ್ದಲ್ಲ. ಗಾಜಿನ ಎಳೆಯ ತುದಿಯನ್ನು ಬೆಂಕಿಯಲ್ಲಿ ಕರಗಿಸಿದಾಗ ತಾನಾಗಿ ರೂಪುಗೊಳ್ಳುವ ಗುಂಡಗಿನ ಹನಿ ಅದು. ಆ ವಿಧಾನವನ್ನು ರಾಬರ್ಟ್ ಹುಕ್ ತನ್ನ 'ಮೈಕ್ರೋಗ್ರಾಫಿಯಾ' ಪುಸ್ತಕದ ಮುನ್ನುಡಿಯಲ್ಲಿ 1665ರಲ್ಲೇ ಅಚ್ಚುಹಾಕಿಸಿದ್ದ.